ನಗರದ ಗುಣ ಯಾರು ಹೇಳಬೇಕು?

೧

ಜಗತ್ತಿನ ದೊಡ್ಡ ನಗರಗಳಿಗೆಲ್ಲ ಯಾರೋ ಕೂತು ಜಾತಕ ಬರೆದಿಟ್ಟಿದ್ದಾರೆ. ಲಂಡನ್ನಿಗೆ ಮಂಜು, ಪ್ಯಾರಿಸ್ಸಿಗೆ ಬೆಳಕು, ನ್ಯೂಯಾರ್ಕಿಗೆ ಎತ್ತರ, ಮುಂಬಯಿಗೆ ಧಾವಂತ, ಮೈಸೂರಿಗೆ ನಿಧಾನ, ಬೆಂಗಳೂರಿಗೆ ತಂಪು. ನಾವೂ ಶಾಲೆಯಲ್ಲಿ ಇದನ್ನೇ ಬಾಯಿಪಾಠ ಮಾಡಿದವರು. ‘ಬೆಂಗಳೂರು ಉದ್ಯಾನನಗರಿ’ ಅಂತ ಬರೆದರೆ ಒಂದು ಮಾರ್ಕು. ಆ ಉದ್ಯಾನದಲ್ಲಿ ಕಳೆ ಕೀಳುವ ಹೆಂಗಸು ರಾತ್ರಿ ಎಲ್ಲಿ ಮಲಗುತ್ತಾಳೆ ಅನ್ನೋದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ.

ನಗರಗಳ ಗುಣ, ಸ್ವಭಾವ, ವಾತಾವರಣ ಅಂತೆಲ್ಲ ಹೇಳುವ ಬರವಣಿಗೆ ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಒಳ್ಳೆಯ ಮರ್ಯಾದೆ ಇದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಓದುಗರ ಮನೆಮನೆ ಸೇರಿದವು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇವರು ಸುಳ್ಳು ಬರೆದರು ಅಂತ ನನ್ನ ವಾದವಲ್ಲ. ಕಂಡದ್ದನ್ನೇ ಬರೆದರು. ಆದರೆ ಯಾರು ಎಲ್ಲಿ ನಿಂತು ಕಂಡದ್ದು? ಹೋದ ಕಡೆ ಬಾಗಿಲು ತೆರೆದಿತ್ತು, ಬಂದ ಮೇಲೆ ವಾಪಸ್ ಹೋಗಲು ಮನೆ ಇತ್ತು, ದಾರಿಯಲ್ಲಿ ‘ನಿಮ್ದು ಯಾವ ಜನ?’ ಅಂತ ಕೇಳಿದರೆ ಹೇಳಿಕೊಳ್ಳಲು ಬಾಯಿ ತಡವರಿಸುತ್ತಿರಲಿಲ್ಲ. ಅಂಥ ಕಣ್ಣಿಗೆ ನಗರವೆಂದರೆ ಹವೆ, ಕಟ್ಟಡ, ಊಟ, ಬೀದಿಯ ಸೊಗಸು. ಅದು ನಗರದ ಒಂದು ಮುಖ. ಅದನ್ನೇ ಇಡೀ ನಗರ ಅಂತ ನಂಬಿಸಿದ್ದೇ ಸಾಂಸ್ಕೃತಿಕ ಯಜಮಾನಿಕೆ.

ನಗರದ ಗುಣ ಅಂದರೇನು ಅನ್ನುವ ಪ್ರಶ್ನೆಯನ್ನು ಈ ಲೇಖನ ಹುಣಸಮಾರನಹಳ್ಳಿಯ ದಿಕ್ಕಿನಿಂದ ಕೇಳುತ್ತದೆ. ಯಲಹಂಕ ದಾಟಿ, ವಾಯುಪಡೆಯ ನೆಲೆಯನ್ನು ಹಾದು, ದೇವನಹಳ್ಳಿ ಕಡೆಗೆ ಹೋಗುವ ಬಳ್ಳಾರಿ ರಸ್ತೆಯ ಊರು ಇದು. ಹೆಸರನ್ನು ಬಿಡಿಸಿ ಓದಿದರೆ ಹುಣಸೆಯೂ ಕಾಣುತ್ತದೆ, ಮಾರನೂ ಕಾಣುತ್ತಾನೆ. ಮಾರ ಅನ್ನೋದು ಹಳೇ ಮೈಸೂರು ಸೀಮೆಯ ಕೇರಿಗಳಲ್ಲಿ ಇವತ್ತಿಗೂ ಕರೆದರೆ ಓಗೊಡುವ ಹೆಸರು. ಇಲ್ಲಿಗೆ ನಗರ ತಾನಾಗಿಯೇ ನಡೆದು ಬಂದಿದೆ. ಆದ್ದರಿಂದ ನಗರವನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಇಲ್ಲಿಗೆ ಬರುವ ಮೊದಲು ಸ್ವಲ್ಪ ದೂರ ಸುತ್ತಬೇಕಾಗುತ್ತದೆ.

೨

ಮೇಲೆ ಹೇಳಿದ ಪ್ರವಾಸ ಕಥನಗಳಿಗೆ ಎದುರಾಗಿ ಇನ್ನೊಂದು ಕಥನವನ್ನು ಇಟ್ಟು ಓದೋಣ. ಬಾಬಾಸಾಹೇಬರು ಬರೆದ ‘ವೇಟಿಂಗ್ ಫಾರ್ ಎ ವೀಸಾ’. ಕೆಲವೇ ಪುಟಗಳ ಬರಹ. ಅವರ ಕಾಲಾನಂತರ, ೧೯೯೦ರಲ್ಲಿ ಕಿರುಪುಸ್ತಕವಾಗಿ ಬಂತು. ಅದರಲ್ಲಿ ಮ್ಯೂಸಿಯಂ ಇಲ್ಲ, ಸೂರ್ಯಾಸ್ತ ಇಲ್ಲ. ಊರಿಂದೂರಿಗೆ ಹೋದ ಮನುಷ್ಯನಿಗೆ ಯಾವ ಊರು ಏನು ಕೇಳಿತು ಅನ್ನೋದಷ್ಟೇ ಇದೆ.

ಅಂಬೇಡ್ಕರ್ ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ೧೯೧೬ರಲ್ಲಿ ಲಂಡನ್ನಿಗೆ. ಆ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವ ಎಚ್ಚರವೇ ತಮ್ಮ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ ಅವರು ಬರೆಯುತ್ತಾರೆ. ೧೯೧೭ರಲ್ಲಿ ವಾಪಸ್ ಬಂದು, ವಿದ್ಯಾರ್ಥಿವೇತನ ಕೊಟ್ಟಿದ್ದ ಬರೋಡ ಸಂಸ್ಥಾನದ ಚಾಕರಿಗೆಂದು ಆ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದರು. ಇಳಿಯುತ್ತಲೇ ಮರೆತದ್ದು ನೆನಪಾಯಿತು: ನನ್ನನ್ನು ಯಾರು ಒಳಗೆ ಸೇರಿಸುತ್ತಾರೆ? ಹಿಂದೂ ಹೋಟೆಲು ಸೇರಿಸೋದಿಲ್ಲ. ಪಾರ್ಸಿ ಹೆಸರು ಇಟ್ಟುಕೊಂಡು ಪಾರ್ಸಿಗಳ ಒಂದು ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನಕ್ಕೆ ಗುಟ್ಟು ರಟ್ಟಾಗಿ, ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ಒಂದೊಂದು ನೆಪ ಹೇಳಿದರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ ಬಂದ ಮನುಷ್ಯ ರಾತ್ರಿ ಬೊಂಬಾಯಿ ರೈಲು ಹೊರಡುವ ತನಕ ಕಾಮಾಟಿ ಬಾಗ್ ಅನ್ನುವ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದರು.

ಗೆಳೆಯರೆ, ನಗರಗಳ ಗುಣ ಹೇಳುವ ಬರವಣಿಗೆ ಅಂದರೆ ಇದು. ಉದ್ಯಾನ ಅನ್ನುವ ಮಾತಿನ ಅರ್ಥವೇ ಇಲ್ಲಿ ಬೇರೆ. ಮನೆಯಿದ್ದವನಿಗೆ ಉದ್ಯಾನ ಅಂದರೆ ಸಂಜೆಯ ವಿಹಾರ. ಇಡೀ ನಗರದಲ್ಲಿ ಒಂದು ಸೂರೂ ಸಿಗದವನಿಗೆ ಅದು ಕೊನೆಗೆ ಉಳಿಯುವ ಜಾಗ. ಬರೋಡದಲ್ಲಿ ಉದ್ಯಾನ ಇತ್ತೋ ಇಲ್ಲವೋ ಅಂತ ಪ್ರವಾಸಿ ಬರೆಯುತ್ತಾನೆ. ಅಲ್ಲಿ ಯಾರು, ಯಾಕೆ, ಎಷ್ಟು ಹೊತ್ತು ಕೂತಿದ್ದರು ಅನ್ನೋದನ್ನು ಅಂಬೇಡ್ಕರ್ ಬರೆದರು.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ನಗರದ ಗುಣ ಅಂದರೆ ಅದು ಹೊಸಬನಿಗೆ ಕೇಳುವ ಮೊದಲ ಪ್ರಶ್ನೆ. ಅದೇ ನಗರ ಎಲ್ಲರಿಗೂ ಅದೇ ಪ್ರಶ್ನೆ ಕೇಳೋದಿಲ್ಲ ಅನ್ನೋದನ್ನೂ ಮರೆಯಬಾರದು. ಅಂಬೇಡ್ಕರರ ಜಾತಿ ಕೇಳದ ನ್ಯೂಯಾರ್ಕು ಕರಿಯರ ಬಣ್ಣ ಕೇಳುತ್ತಿತ್ತು. ಕೊಲಂಬಿಯಾದ ಮಗ್ಗುಲಲ್ಲೇ ಹಾರ್ಲೆಮ್ ಬೆಳೆಯುತ್ತಿತ್ತು. ಆ ಹಾರ್ಲೆಮ್ಮಿನಲ್ಲಿ ೧೯೨೪ರಲ್ಲಿ ಹುಟ್ಟಿದ ಜೇಮ್ಸ್ ಬಾಲ್ಡ್ವಿನ್ ಅಮೆರಿಕದ ಉಸಿರುಗಟ್ಟುವಿಕೆ ತಾಳದೆ ೧೯೪೮ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಅವನಿಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಅದೇ ಪ್ಯಾರಿಸ್ಸಿನಲ್ಲಿ ೧೯೬೧ರ ಅಕ್ಟೋಬರ್ ೧೭ರ ರಾತ್ರಿ ಮೆರವಣಿಗೆ ಬಂದ ಅಲ್ಜೀರಿಯನ್ನರನ್ನು ಪೊಲೀಸರು ಹೊಡೆದು ಕೊಂದು ಸೇನ್ ನದಿಗೆ ಎಸೆದರು. ಬೆಳಕಿನ ನಗರವೂ ಯಾರಿಗೆ ಬೆಳಕು ಅಂತ ಕೇಳಿಯೇ ದೀಪ ಹಚ್ಚುತ್ತದೆ.

೩

ಈಗ ಬೆಂಗಳೂರು. ಹಳೇ ಬೆಂಗಳೂರಿನ ನೆನಪು ಬರೆಯುವ ಪುಸ್ತಕ, ಅಂಕಣಗಳಲ್ಲಿ ಮೇಲಿಂದ ಮೇಲೆ ಬರುವ ಎರಡು ಹೆಸರು ಮಲ್ಲೇಶ್ವರ, ಬಸವನಗುಡಿ. ಸಂಪಿಗೆ ಮರ, ಹಜಾರ, ಕಾಫಿ ಘಮ, ಫ್ಯಾನು ಬೇಡದ ಬೇಸಿಗೆ, ಪಿಂಚಣಿದಾರರ ಸ್ವರ್ಗ. ಆ ಬೆಂಗಳೂರು ಹೋಯಿತಲ್ಲ ಅನ್ನುವ ನಿಟ್ಟುಸಿರು. ಈ ನಿಟ್ಟುಸಿರನ್ನು ಬಗೆದು ನೋಡಬೇಕು.

ಈ ಎರಡು ಬಡಾವಣೆಗಳು ೧೮೯೦ರ ದಶಕದಲ್ಲಿ ಹಾಕಿದವು, ೧೮೯೮ರ ಪ್ಲೇಗಿನ ನಂತರ ತುಂಬಿಕೊಂಡವು. ಬ್ಲಾಕುಗಳನ್ನು ಜಾತಿ ಮತ ನೋಡಿ ಗುರುತು ಮಾಡಿ ಹಂಚಿದ್ದರು. ಊರಿನ ಅಗ್ರಹಾರ, ಕೇರಿಗಳ ಲೆಕ್ಕವನ್ನೇ ಸರ್ಕಾರ ಅಳತೆಪಟ್ಟಿ ಹಿಡಿದು ಹೊಸ ನಗರದ ನಕ್ಷೆಗೆ ಇಳಿಸಿತು. ಮನೆಯ ಮುಂದೆ ಅಗಲವಾದ ಬೀದಿ, ಅದಕ್ಕೆ ಸಂಪಿಗೆಯ ಹೆಸರು. ಮನೆಯ ಹಿಂದೆ ಒಬ್ಬರೇ ನಡೆಯುವಂಥ ಸಣ್ಣ ಓಣಿ. ಅದಕ್ಕೆ ಕನ್ಸರ್ವೆನ್ಸಿ ಅಂತಾರೆ. ಫ್ಲಷ್ ಕಕ್ಕಸು ಬರುವ ಮುಂಚೆ ಮಲ ಬಾಚಿ ಹೊರುವವರು ಬಂದು ಹೋಗಲು ಮಾಡಿದ ದಾರಿ. ಮುಂದಿನ ಬೀದಿಯಿಂದ ಅವರು ಬರುವ ಹಾಗಿಲ್ಲ. ಅವರು ಬಂದದ್ದೂ ಹೋದದ್ದೂ ಮನೆಯವರ ಕಣ್ಣಿಗೆ ಬೀಳಬಾರದು. ಮುಂದಿನ ಬೀದಿಗೆ ಹೂವಿನ ಹೆಸರು, ಹಿಂದಿನ ಓಣಿಗೆ ಹೆಸರೇ ಇಲ್ಲ. ಹಳೇ ಬೆಂಗಳೂರಿನ ಘಮ ಘಮ ಅಂತ ಬರೆಯುವವರು ಈ ಹಿಂದಿನ ಓಣಿಯನ್ನು ಬಿಟ್ಟು ಬರೆಯುತ್ತಾರೆ. ಆ ಓಣಿ ಇಲ್ಲದಿದ್ದರೆ ಮುಂದಿನ ಬೀದಿಗೆ ಘಮ ಎಲ್ಲಿಂದ ಬರಬೇಕಿತ್ತು?

ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದ್ದು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ೧೯೭೩ರಲ್ಲಿ ಅದೇ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಊರೆಲ್ಲ ಹೊತ್ತಿ ಉರಿಯಿತು. ಮಂತ್ರಿ ಪದವಿ ಹೋಯಿತು. ಆ ಸಿಟ್ಟಿನಲ್ಲಿ ಬೀದಿಗಿಳಿದವರು ತಲೆಯ ಮೇಲಿನ ಮಲದ ಡಬ್ಬಿ ಇಳಿದ ದಿನ ಹೀಗೆ ಬೀದಿಗಿಳಿದು ಸಂತೋಷಪಟ್ಟರೆ? ನಿಷೇಧವಾದ ಮೇಲೂ ೨೦೧೦ರಲ್ಲಿ ಸವಣೂರಿನ ಪೌರಕಾರ್ಮಿಕರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು. ಬೆಂಗಳೂರಿನ ಬೀದಿ ಗುಡಿಸುವವರು, ಅವರಲ್ಲಿ ಹೆಚ್ಚಿನವರು ತೆಲುಗು ಮಾತಾಡುವ ನಮ್ಮ ಹೆಣ್ಣುಮಕ್ಕಳು, ೨೦೨೨ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ೨೦೨೫ರ ಮೇ ದಿನದಂದು ೧೨,೦೦೦ಕ್ಕೂ ಹೆಚ್ಚು ಜನಕ್ಕೆ ಕಾಯಂ ನೇಮಕದ ಆದೇಶ ಸಿಕ್ಕಿತು. ಉದ್ಯಾನನಗರಿಯ ಚರಿತ್ರೆಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಎಷ್ಟು ಜಾಗವಿದೆಯೋ ಈ ಮುಷ್ಕರಕ್ಕೂ ಅಷ್ಟು ಜಾಗ ಇರಬೇಕು.

ಕನ್ನಡದಲ್ಲಿ ಈ ಹಿಂದಿನ ಓಣಿಯ ಕಡೆಯಿಂದ ಬೆಂಗಳೂರನ್ನು ಬರೆದ ಪುಸ್ತಕ ಇಲ್ಲವೆ? ಇದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’. ಮೊದಲ ಭಾಗ ೧೯೯೬ರಲ್ಲಿ ಬಂತು. ಮಾಗಡಿ ಸೀಮೆಯ ಮಂಚನಬೆಲೆಯ ಹುಡುಗ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು ಬೆಳೆದ ಕತೆ. ಶ್ರೀರಾಮಪುರ ಇರೋದು ಮಲ್ಲೇಶ್ವರದ ಮಗ್ಗುಲಿಗೇ. ನಡುವೆ ರೈಲು ಕಂಬಿ. ಒಂದು ಕಡೆ ಸಂಪಿಗೆ ರಸ್ತೆ, ಇನ್ನೊಂದು ಕಡೆ ಕೂಲಿಕಾರರ ಗುಡಿಸಲು. ಆ ಪುಸ್ತಕದ ಹುಡುಗನಿಗೆ ಓದಿಕೊಳ್ಳಲು ಶಾಂತವಾದ ಜಾಗ ಅಂತ ಸಿಕ್ಕದ್ದು ಸ್ಮಶಾನ. ಸಮಾಧಿಗಳ ನಡುವೆ ಕೂತು ಓದಿದ್ದನ್ನು ಅವರು ಅಳುತ್ತ ಹೇಳೋದಿಲ್ಲ, ನಗುತ್ತ ಹೇಳುತ್ತಾರೆ. ಆ ನಗು ನೋಡಿ ಕೆಲವರು ಇದರಲ್ಲಿ ಆಕ್ರೋಶ ಕಡಿಮೆಯಾಯಿತು, ಬಂಡಾಯ ತಣ್ಣಗಾಯಿತು ಅಂತ ಗೊಣಗಿದರು. ನನಗೆ ಹಾಗೆ ಕಾಣೋದಿಲ್ಲ. ಉದ್ಯಾನಗಳ ನಗರದಲ್ಲಿ ಒಬ್ಬ ಹುಡುಗನಿಗೆ ಕೂತು ಓದಲು ಸತ್ತವರು ಮಾತ್ರ ಜಾಗ ಬಿಟ್ಟುಕೊಟ್ಟರು ಅನ್ನೋದಕ್ಕಿಂತ ದೊಡ್ಡ ಆಪಾದನೆ ಯಾವುದು? ಬರೋಡದ ಕಾಮಾಟಿ ಬಾಗ್, ಬೆಂಗಳೂರಿನ ಸ್ಮಶಾನ ಇವೆರಡನ್ನೂ ಒಟ್ಟಿಗೆ ಇಟ್ಟು ಓದಿ. ಎರಡೂ ನಗರಗಳ ಗುಣ ತಿಳಿಯುತ್ತದೆ.

೪

ಈ ಮುಖ ಮತ್ತು ಬೆನ್ನಿನ ಲೆಕ್ಕ ಬೆಂಗಳೂರಿನದು ಮಾತ್ರವಲ್ಲ. ೧೮೪೫ರಲ್ಲಿ ಏಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿಗತಿಯ ಮೇಲೆ ಪುಸ್ತಕ ಬರೆದ. ಅದರಲ್ಲಿ ಮ್ಯಾಂಚೆಸ್ಟರ್ ನಗರದ ವಿಚಿತ್ರ ರಚನೆಯನ್ನು ತೋರಿಸಿಕೊಟ್ಟ. ಊರ ಹೊರಗಿನ ಬಂಗಲೆಯಲ್ಲಿರುವ ಸಾಹುಕಾರ ದಿನವೂ ನಗರದ ನಡುವಿನ ವ್ಯಾಪಾರ ಕೇಂದ್ರಕ್ಕೆ ಹೋಗಿಬರುತ್ತಾನೆ. ದಾರಿಯ ಎರಡೂ ಕಡೆ ಅಂಗಡಿ ಸಾಲು. ಆ ಅಂಗಡಿಗಳ ಬೆನ್ನಿಗೇ ಕೂಲಿಕಾರರ ಕೊಳಕು ಗೂಡುಗಳು. ಅವನ ಕಣ್ಣಿಗೆ ಅವು ಜನ್ಮದಲ್ಲಿ ಬೀಳೋದಿಲ್ಲ. ರಸ್ತೆಯೇ ಪರದೆಯ ಕೆಲಸ ಮಾಡುತ್ತದೆ.

ದಕ್ಷಿಣ ಆಫ್ರಿಕದವರು ಇಷ್ಟು ನಾಜೂಕು ಮಾಡಲಿಲ್ಲ, ಬುಲ್ಡೋಜರನ್ನೇ ತಂದರು. ಜೋಹಾನ್ಸ್‌ಬರ್ಗಿನ ಸೋಫಿಯಾಟೌನ್ ಕರಿಯರ ಬಡಾವಣೆ. ಬಡತನ ಇತ್ತು, ಪುಂಡಾಟ ಇತ್ತು, ಜೊತೆಗೆ ಜಾಜ್ ಸಂಗೀತ, ಪತ್ರಿಕೆ, ಸಾಹಿತ್ಯ ಎಲ್ಲ ಇತ್ತು. ೧೯೫೫ರಲ್ಲಿ ಪೊಲೀಸರ ಕಾವಲಿನಲ್ಲಿ ಅವರನ್ನು ಲಾರಿಗಳಿಗೆ ತುಂಬಿ ಹೊರಗೆ ಸಾಗಿಸಿದರು. ಮನೆಗಳನ್ನು ನೆಲಸಮ ಮಾಡಿ ಬಿಳಿಯರ ಬಡಾವಣೆ ಕಟ್ಟಿ ಅದಕ್ಕೆ ‘ಟ್ರಿಯೋಂಫ್’ ಅಂತ ಹೆಸರಿಟ್ಟರು. ಅಂದರೆ ವಿಜಯ. ಯಾರ ಮೇಲೆ ವಿಜಯ ಅಂತ ಕೇಳಬೇಕಾಗಿಯೇ ಇಲ್ಲ. ೨೦೦೬ರಲ್ಲಿ ಹಳೆಯ ಹೆಸರು ವಾಪಸ್ ಬಂತು. ಕಳೆದುಹೋದ ಮನೆಗಳು ವಾಪಸ್ ಬರಲಿಲ್ಲ.

ಈಗ ನಮ್ಮ ಬಳ್ಳಾರಿ ರಸ್ತೆಗೆ ಬನ್ನಿ. ದೇವನಹಳ್ಳಿಯ ವಿಮಾನ ನಿಲ್ದಾಣ ೨೦೦೮ರ ಮೇ ತಿಂಗಳಲ್ಲಿ ಶುರುವಾಯಿತು. ೨೦೧೩ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ೨೦೨೨ರಲ್ಲಿ ೧೦೮ ಅಡಿಯ ಕೆಂಪೇಗೌಡರ ಪ್ರತಿಮೆಯೂ ಎದ್ದಿತು. ಅಲ್ಲಿ ಇಳಿದವನು ಕಾರು ಹತ್ತಿದರೆ ಟೋಲ್ ದಾಟಿ, ಮೇಲುಸೇತುವೆ ಏರಿ, ಹೆಬ್ಬಾಳ ಮುಟ್ಟಿ, ವಿಧಾನಸೌಧದ ಮುಂದೆ ಬಂದು ಇಳಿಯಬಹುದು. ದಾರಿಯಲ್ಲಿ ವಿಲ್ಲಾಗಳ ಜಾಹೀರಾತು ಫಲಕಗಳು ಕಾಣುತ್ತವೆ. ಹುಣಸಮಾರನಹಳ್ಳಿ, ಚಿಕ್ಕಜಾಲ, ಬೆಟ್ಟಹಲಸೂರಿನ ಕೇರಿಗಳು ಕಾಣೋದಿಲ್ಲ. ಮ್ಯಾಂಚೆಸ್ಟರಿನ ಸಾಹುಕಾರನ ರಸ್ತೆ ಇದಕ್ಕಿಂತ ಬೇರೆಯಿರಲಿಲ್ಲ. ಜಗತ್ತಿನಿಂದ ಬಂದವರು ಈ ರಸ್ತೆಯಲ್ಲಿ ಕಂಡದ್ದನ್ನೇ ಬೆಂಗಳೂರಿನ ಗುಣ ಅಂತ ಬರೆದುಕೊಂಡು ಹೋಗುತ್ತಾರೆ.

ಅವರು ಮೆಟ್ಟಿ ಹೋಗುವ ಕಲ್ಲಾದರೂ ಎಲ್ಲಿಯದು? ಟೋಲ್ ಗೇಟಿನಿಂದ ಈಗ ಹೆಸರಾಗಿರುವ ಸಾದಹಳ್ಳಿ ಅದಕ್ಕಿಂತ ಮೊದಲು ಕಲ್ಲಿಗೆ ಹೆಸರಾಗಿತ್ತು. ಮನೆ ಕಟ್ಟುವ ಯಾವ ಮೇಸ್ತ್ರಿಯನ್ನು ಕೇಳಿದರೂ ಸಾದರಹಳ್ಳಿ ಕಲ್ಲು ಅಂದರೆ ಗೊತ್ತು. ಬೆಂಗಳೂರಿನ ಎಷ್ಟೋ ಅಂಗಳ, ಮೆಟ್ಟಿಲು, ಬೇಲಿಯ ಕಂಬಗಳು ಈ ದಿಕ್ಕಿನ ಬಂಡೆಗಳಿಂದ ಹೋದವು. ಒಡೆದವರು ಭೋವಿಗಳು, ಊರವರ ಬಾಯಲ್ಲಿ ಒಡ್ಡರು. ವಿಧಾನಸೌಧವನ್ನು ೧೯೫೧ರಿಂದ ೧೯೫೬ರ ತನಕ ಕಟ್ಟಿದಾಗ ಅಲ್ಲಿ ದುಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು. ಸರ್ಕಾರದ ಕೆಲಸ ದೇವರ ಕೆಲಸ ಅಂತ ಅದರ ಮೇಲೆ ಕೆತ್ತಿದೆ. ಕೆತ್ತಿದವನ ಹೆಸರನ್ನು ಕೆತ್ತಿಲ್ಲ. ನಗರದ ಚಹರೆ ಅಂತ ಹೊಗಳುವಾಗ ಆ ಚಹರೆಗೆ ಉಳಿ ಹಿಡಿದು ಕಲ್ಲಿನ ಪುಡಿ ಕುಡಿದವನ ಎದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

೫

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮವರು ಚಪ್ಪಾಳೆ ತಟ್ಟುತ್ತಾರೆ. ಆದರೆ ವಿಮರ್ಶೆ ಅಂದ ಮೇಲೆ ನಮ್ಮ ಮನೆಯ ಅಂಗಳವನ್ನೂ ಗುಡಿಸಬೇಕು. ನಮ್ಮ ಚಳವಳಿಯ ಬಹಳಷ್ಟು ಕವಿತೆಗಳಲ್ಲಿ ನಗರ ಅಂದರೆ ರಾಕ್ಷಸ, ವೇಶ್ಯೆ, ಬಾಯಿ ತೆರೆದ ಹೆಬ್ಬಾವು. ಹಳ್ಳಿ ಅಂದರೆ ತಾಯಿ. ಈ ನುಡಿಗಟ್ಟು ಎಲ್ಲಿಂದ ಬಂತು? ನವೋದಯದವರು ಹಳ್ಳಿಯನ್ನು ಪೂಜಿಸಿದರು. ನವ್ಯರು ನಗರದ ಏಕಾಂತಕ್ಕೆ ಕೊರಗಿದರು. ಯಾರೂ ಯಾರನ್ನೂ ಮಾತಾಡಿಸೋದಿಲ್ಲ, ಪಕ್ಕದ ಮನೆಯವನಿಗೆ ನನ್ನ ಹೆಸರು ಗೊತ್ತಿಲ್ಲ, ನಾನು ಅನಾಥ ಅಂತ ನವ್ಯದ ನಾಯಕ ಹಲುಬಿದ. ಸ್ವಾಮಿ, ಪಕ್ಕದ ಮನೆಯವನಿಗೆ ನನ್ನ ಹೆಸರು, ನಮ್ಮಪ್ಪನ ಹೆಸರು, ನಮ್ಮ ಜಾತಿ ಗೊತ್ತಿಲ್ಲದಿರುವುದೇ ನಮಗೆ ನೂರು ತಲೆಮಾರಿನಲ್ಲಿ ಸಿಕ್ಕ ಮೊದಲ ನೆಮ್ಮದಿ. ಅವರ ಕೊರಗು ಅವರದು. ಅದನ್ನು ನಾವು ಸಾಲ ತಂದು ಬಡ್ಡಿ ಕಟ್ಟುವ ದರ್ದೇನು?

೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಬಗ್ಗೆ ಏನೆಂದರು ಅನ್ನೋದು ನಮ್ಮ ಎಲ್ಲ ಕಾರ್ಯಕರ್ತರಿಗೂ ಗೊತ್ತು. ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತತನದ, ಜಾತಿಮತದ ಕೊಂಪೆ ಅನ್ನುವ ಅರ್ಥದ ಕಟುವಾದ ಮಾತು. ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಸಂವಿಧಾನದ ಘಟಕವಾಗಿ ಇಟ್ಟುಕೊಂಡದ್ದಕ್ಕೆ ಅವರು ಸಂತೋಷಪಟ್ಟರು. ಭಾಷಣದಲ್ಲಿ ಈ ಮಾತು ಹೇಳಿ, ಕವಿತೆಯಲ್ಲಿ ಹಳ್ಳಿಗೆ ಆರತಿ ಎತ್ತಿದರೆ ಹೇಗೆ?

ಮರಾಠಿಯ ನಾಮದೇವ ಢಸಾಳ್ ಈ ಗೊಂದಲಕ್ಕೆ ಬೀಳಲಿಲ್ಲ. ಪುಣೆ ಜಿಲ್ಲೆಯ ಹಳ್ಳಿಯಿಂದ ಮುಂಬಯಿಗೆ ಬಂದು, ಟ್ಯಾಕ್ಸಿ ಓಡಿಸಿ, ಕಾಮಾಟಿಪುರದ ಸೂಳೆಗೇರಿಯ ನಡುವಿನ ಜಾಗದ ಹೆಸರನ್ನೇ ತನ್ನ ಸಂಕಲನಕ್ಕೆ ಇಟ್ಟ. ‘ಗೋಲಪೀಠಾ’ ಬಂದದ್ದು ೧೯೭೨ರಲ್ಲಿ. ಅದೇ ವರ್ಷ ಗೆಳೆಯರ ಜೊತೆ ಸೇರಿ ದಲಿತ ಪ್ಯಾಂಥರ್ ಕಟ್ಟಿದ. ಹೆಸರು ಬಂದದ್ದು ಅಮೆರಿಕದ ಓಕ್ಲೆಂಡ್ ನಗರದಲ್ಲಿ ೧೯೬೬ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಓಕ್ಲೆಂಡಿನ ಬೀದಿ ಮುಂಬಯಿಯ ಬೀದಿಗೆ ತಿಳಿಯಿತು. ಇದು ಹಳ್ಳಿಯಲ್ಲಿ ಆಗುವ ಕೆಲಸವಲ್ಲ. ಢಸಾಳ್ ಮುಂಬಯಿಯನ್ನು ಹೊಗಳಲಿಲ್ಲ, ಶಪಿಸಿ ಓಡಿಹೋಗಲೂ ಇಲ್ಲ. ಇದು ನನ್ನ ನಗರ, ನಾನು ಇದರ ಲೆಕ್ಕ ಕೇಳುತ್ತೇನೆ ಅಂದ. ಕನ್ನಡದ ದಲಿತ ಸಾಹಿತ್ಯದ ಶಿಖರಗಳಾದ ‘ಒಡಲಾಳ’, ‘ಕುಸುಮಬಾಲೆ’ ಹಳ್ಳಿಯ ಕೇರಿಯಲ್ಲೇ ಬೇರುಬಿಟ್ಟವು. ಅದು ಅವುಗಳ ಶಕ್ತಿ. ಆದರೆ ನಮ್ಮ ಜನರಲ್ಲಿ ಅಷ್ಟೊಂದು ಮಂದಿ ನಗರ ಸೇರಿದ ಮೇಲೂ ನಗರದ ಕೇರಿಯನ್ನು ನಮ್ಮದು ಅಂತ ಬರೆದ ಪುಸ್ತಕಗಳನ್ನು ‘ಊರುಕೇರಿ’ಯ ಪಕ್ಕ ಇಡಲು ಹುಡುಕಾಡಬೇಕಾಗಿದೆ.

೬

ಈಗ ಹುಣಸಮಾರನಹಳ್ಳಿಗೆ ಬರೋಣ. ಇಲ್ಲಿ ಪ್ರಶ್ನೆ ಇನ್ನೂ ತೊಡಕಾಗುತ್ತದೆ.

ಅಂಬೇಡ್ಕರರ ಮಾತಿನ ಹಿಂದೆ ಒಂದು ಪ್ರಯಾಣವಿದೆ. ಹಳ್ಳಿ ಬಿಟ್ಟು ನಗರಕ್ಕೆ ಹೋಗು. ಅಲ್ಲಿ ನಿನ್ನನ್ನು ಯಾರೂ ಬಲ್ಲವರಿಲ್ಲ. ಆ ಬಲ್ಲವರಿಲ್ಲದ ಜಾಗದಲ್ಲಿ ಮನುಷ್ಯನಾಗು. ಢಸಾಳ್ ಹೋದದ್ದೂ, ಸಿದ್ಧಲಿಂಗಯ್ಯ ಹೋದದ್ದೂ ಇದೇ ದಾರಿ. ಆದರೆ ಹುಣಸಮಾರನಹಳ್ಳಿಯ ಕೇರಿಯವನು ಎಲ್ಲಿಗೂ ಹೋಗಲಿಲ್ಲ. ಅವನು ಇದ್ದಲ್ಲಿಗೇ ನಗರ ಬಂತು. ರಾಗಿ ಹೊಲ, ದ್ರಾಕ್ಷಿ ತೋಟ ಹೋಗಿ ಲೇಔಟು ಬಂತು. ಇಂಜಿನಿಯರಿಂಗ್ ಕಾಲೇಜು, ಪೀಜಿ ಹಾಸ್ಟೆಲು ಬಂದವು. ಗ್ರಾಮ ಪಂಚಾಯಿತಿ ಹೋಗಿ ಪುರಸಭೆಯಾಯಿತು. ತಲೆಯ ಮೇಲೆ ವಿಮಾನ. ನೋಡಿದವರು ಹಳ್ಳಿ ಉದ್ಧಾರವಾಯಿತು ಅಂತಾರೆ.

ನಗರ ಬಂತು ಸರಿ. ಅದರ ಜೊತೆ ಬರಬೇಕಾಗಿದ್ದ ಆ ನೆಮ್ಮದಿ, ಯಾರಿಗೂ ಗೊತ್ತಿಲ್ಲದವನಾಗಿ ಬದುಕುವ ನೆಮ್ಮದಿ, ಬಂತೆ? ಬರಲಿಲ್ಲ. ಬರುವ ಹಾಗೂ ಇಲ್ಲ. ಯಾಕೆಂದರೆ ಕೇರಿ ಕೇರಿಯಾಗಿಯೇ ಇದ್ದ ಜಾಗದಲ್ಲಿದೆ. ಇಂಥ ಊರುಗಳಲ್ಲಿ ನಿನ್ನೆಯ ಜಮೀನ್ದಾರ ಇವತ್ತು ಬಿಲ್ಡಿಂಗ್ ಓನರು, ಅವನ ಮಗ ಕಂಟ್ರಾಕ್ಟರು, ಅಳಿಯ ಕೌನ್ಸಿಲರು. 'ಏನ್ಲಾ, ನಿಮ್ಮಪ್ಪ ನಮ್ಮನೇಲಿ ಜೀತಕ್ಕಿದ್ದವನಲ್ವಾ?' ಅಂತ ಕೇಳುವ ನೆನಪು ಲೇಔಟಿನ ಜೊತೆ ಅಳಿಸಿಹೋಗೋದಿಲ್ಲ. ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳುವ ಹುಡುಗ ಎಂಟು ಗಂಟೆ ಯೂನಿಫಾರಮ್ಮಿನಲ್ಲಿ ನಗರದವನು, ಅಲ್ಲಿ ಅವನ ಜಾತಿ ಕೇಳುವವರಿಲ್ಲ. ಡ್ಯೂಟಿ ಮುಗಿಸಿ ಬೈಕು ಹತ್ತಿ ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿದರೆ ಮತ್ತೆ ಮಾರನ ಮಗ. ನಗರಕ್ಕೆ ಹೋದವನಿಗೆ ನಗರ ಸಿಗುತ್ತದೆ. ನಗರವೇ ಹುಡುಕಿಕೊಂಡು ಬಂದವನಿಗೆ ನಗರದ ಬೆಲೆ ಸಿಗುತ್ತದೆ, ಹಳ್ಳಿಯ ಜಾತಿ ಉಳಿಯುತ್ತದೆ.

ಹೊಸಬರ ಕತೆಯೇನು? ಕೆಲಸಕ್ಕೆ ಅಂತ ಬೀದರಿನಿಂದಲೋ ರಾಯಚೂರಿನಿಂದಲೋ ಬಂದ ದಲಿತ ಹುಡುಗಿ ಬಾಡಿಗೆಗೆ ರೂಮು ಕೇಳುತ್ತಾಳೆ. 'ವೆಜ್ಜಾ, ನಾನ್‌ವೆಜ್ಜಾ?' 'ಯಾವ ಪೈಕಿ?' ಬರೋಡದ ದೊಣ್ಣೆ ಈಗ ಇಷ್ಟು ಮೆತ್ತಗಾಗಿದೆ, ಅಷ್ಟೆ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆದಾಗ ಸುತ್ತ ಮಾಂಸದ ಅಂಗಡಿ ಮುಚ್ಚಿಸುತ್ತಾರೆ. ೨೦೨೫ರಲ್ಲಿ ೧೩ ಕಿಲೋಮೀಟರ್ ಸುತ್ತಳತೆಗೆ ಆದೇಶ ಹೊರಟಿತು. ಹದ್ದು ಬಂದು ವಿಮಾನಕ್ಕೆ ಬಡಿಯುತ್ತದೆ ಅನ್ನುವ ಕಾರಣ ಒಪ್ಪುವಂಥದ್ದೇ. ಆದರೆ ಅಷ್ಟು ದಿನ ಅಂಗಡಿಯವನ ಕೂಲಿಗೆ ಯಾರು ಹೊಣೆ ಅಂತ ಕೇಳಿದರೆ ಆಕಾಶ ನೋಡಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಜಮೀನಿನದು. ದರಖಾಸ್ತಿನಲ್ಲಿ ನಮ್ಮ ಜನಕ್ಕೆ ಸಿಕ್ಕ ಚೂರುಪಾರು ಭೂಮಿ ಪರಭಾರೆಯಾಗದಂತೆ ಅರಸು ಕಾಲದಲ್ಲಿ, ೧೯೭೮ರಲ್ಲಿ, ಪಿಟಿಸಿಎಲ್ ಕಾಯಿದೆ ಮಾಡಿದರು. ೧೯೭೯ರ ಜನವರಿ ೧ರಿಂದ ಜಾರಿ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದು ಮಾರಾಟವೇ ಅಲ್ಲ, ಭೂಮಿ ವಾಪಸ್ ಬರಬೇಕು. ನಗರ ಹತ್ತಿರವಾಗಿ ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂದ ಮೇಲೆ ಈ ಕಾಯಿದೆ ಕಣ್ಣುಕಿಸುರಾಯಿತು. ೨೦೧೭ರಲ್ಲಿ ಸುಪ್ರೀಂ ಕೋರ್ಟು, ತಕ್ಕಷ್ಟು ಕಾಲದೊಳಗೆ ಅರ್ಜಿ ಹಾಕದಿದ್ದರೆ ಆಗದು ಅಂದಿತು. ಓದು ಬಾರದ, ಕಚೇರಿಯ ಮೆಟ್ಟಿಲು ಹತ್ತಲು ಅಂಜುವ ಮನುಷ್ಯನಿಗೆ ತಕ್ಕಷ್ಟು ಕಾಲ ಅಂದರೆ ಎಷ್ಟು? ಹೋರಾಟ ನಡೆದು, ೨೦೨೩ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಇಲ್ಲಿಂದ ಸ್ವಲ್ಪ ದೂರದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ೧೩ ಹಳ್ಳಿಗಳ ೧,೭೭೭ ಎಕರೆಯನ್ನು ಕೈಗಾರಿಕೆಗೆ ಅಂತ ಹಿಡಿಯಲು ಹೊರಟಾಗ, ೨೦೨೨ರಿಂದ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ದಲಿತ ಸಂಘಟನೆಗಳು ಅವರ ಜೊತೆ ನಿಂತವು. ೨೦೨೫ರ ಜುಲೈ ೧೫ರಂದು ಸ್ವಾಧೀನ ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳಬೇಕಾಯಿತು. ನಗರ ಬರುವ ದಾರಿಯಲ್ಲಿ ಹಳ್ಳಿಯವರು ಅದಕ್ಕೆ ತಾವೇ ಪ್ರಶ್ನೆ ಕೇಳಿದ ಅಪರೂಪದ ಸಂದರ್ಭ ಇದು.

ಭೂಮಿ ಬಿಡಬೇಡಿ ಅನ್ನೋದು ಹಳ್ಳಿಗೆ ಅಂಟಿಕೊಳ್ಳಿ ಅಂತಲ್ಲ. ಈ ವ್ಯತ್ಯಾಸ ನಮ್ಮ ಸಂಘಟನೆಗಳಲ್ಲೇ ಎಷ್ಟೋ ಸಲ ಕಲಸಿಹೋಗುತ್ತದೆ. ನಗರ ಬೇಡ ಅಂತಲ್ಲ ನಮ್ಮ ಮಾತು. ಕೈಯಲ್ಲಿ ಪಹಣಿ ಇದ್ದವನು ನಗರದೊಳಗೆ ಪಾಲುದಾರನಾಗಿ ಹೋಗುತ್ತಾನೆ, ಪಹಣಿ ಕಳಕೊಂಡವನು ಅದೇ ನಗರಕ್ಕೆ ಕಸ ಗುಡಿಸಲು ಹೋಗುತ್ತಾನೆ.

೭

ಹಾಗಾದರೆ ನಗರಗಳ ಬಗ್ಗೆ ಬರೆದ ಯಾವ ಪುಸ್ತಕ, ಕವಿತೆ, ಲೇಖನ ಸಿಕ್ಕರೂ ಅದನ್ನು ಓದುವುದು ಹೇಗೆ? ಮೂರು ಪ್ರಶ್ನೆ ಸಾಕು. ಒಂದು, ಈ ನಗರದ ಹೊಲಸನ್ನು ಯಾರು ಎತ್ತುತ್ತಾರೆ, ಅವರು ಬರುವ ದಾರಿ ಬರಹದಲ್ಲಿ ಕಾಣುತ್ತದೆಯೆ? ಎರಡು, ಬಾಡಿಗೆ ಮನೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗೋದಿಲ್ಲ? ಮೂರು, ಈ ನೆಲ ಮೊದಲು ಯಾರ ಹೆಸರಿನಲ್ಲಿತ್ತು? ಲಂಡನ್ನಿನ ಮಂಜನ್ನು, ಪ್ಯಾರಿಸ್ಸಿನ ಬೆಳಕನ್ನು, ಬೆಂಗಳೂರಿನ ತಂಪನ್ನು ಬರೆಯಬೇಡಿ ಅಂತ ಯಾರೂ ಹೇಳೋದಿಲ್ಲ. ಕೇರಿಯವನಿಗೂ ತಂಪು ಗಾಳಿ ತಂಪೇ. ಈ ಮೂರಕ್ಕೆ ಉತ್ತರ ಇಟ್ಟುಕೊಂಡು ಆಮೇಲೆ ಗಾಳಿಯ ಮಾತಾಡಲಿ.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ಒಂದು ವಿನಂತಿ. ‘ನಮ್ಮ ಊರು’ ಅಂತ ಮಕ್ಕಳಿಗೆ ಪ್ರಬಂಧ ಬರೆಸುತ್ತೀರಿ. ನಮ್ಮ ಊರಿನಲ್ಲಿ ಕೆರೆ ಇದೆ, ಗುಡಿ ಇದೆ, ಹಸಿರು ಇದೆ ಅಂತ ಮಕ್ಕಳು ನೋಟ್ಸಿನಿಂದ ಇಳಿಸುತ್ತಾರೆ. ಮುಂದಿನ ಸಲ ಈ ಮೂರು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರಲಿ. ಈಗ ಲೇಔಟು ಇರುವ ಜಾಗ ಮೊದಲು ಏನಾಗಿತ್ತು, ಕೇರಿಯ ಸ್ಮಶಾನ ಎಲ್ಲಿತ್ತು, ಗುಂಡುತೋಪು ಯಾರ ಕಾಂಪೌಂಡಿನೊಳಗೆ ಸೇರಿತು, ಕಲ್ಲು ಒಡೆಯಲು ಹೋದ ತಾತ ಯಾವ ವಯಸ್ಸಿಗೆ ಸತ್ತ. ಏಳನೇ ಕ್ಲಾಸಿನ ಮಗು ತಪ್ಪು ಕಾಗುಣಿತದಲ್ಲಿ ಅದನ್ನು ಬರೆದು ತಂದರೆ, ಕೆಂಪು ಇಂಕಿನಲ್ಲಿ ತಿದ್ದುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಹುಣಸಮಾರನಹಳ್ಳಿ ಅನ್ನುವ ನಗರದ ಗುಣ ಏನು ಅಂತ ಆ ಹಾಳೆಗಳಲ್ಲಿ ಇರುತ್ತದೆ.